ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್‌ಗೆ ರ‍್ಯಾಕ್ ಕ್ಯಾಬಿನೆಟ್: ಗುಜರಿಯೋ, ರೆಡಿಮೇಡೋ, ಹುಬ್ಬಳ್ಳಿಯ ಗೋಕುಲ ರಸ್ತೆಯ ಶೀಟ್ ಕೆಲಸವೋ?

ಸರ್ಕ್ಯೂಟ್ ಬೋರ್ಡು ತಯಾರಾಗಿರುತ್ತದೆ, ಟ್ರಾನ್ಸ್‌ಫಾರ್ಮರ್ ಬಂದಿರುತ್ತದೆ, ಎಲ್ಲವನ್ನೂ ಮೇಜಿನ ಮೇಲೆ ಹರಡಿ ಹಾಡು ಕೇಳಿದ್ದೂ ಆಗಿರುತ್ತದೆ. ಮನೆಯಲ್ಲಿ ಆಂಪ್ಲಿಫೈಯರ್, ಪ್ರೀಆಂಪ್, ಕ್ರಾಸ್‌ಓವರ್ ಕಟ್ಟುವವರ ಕೆಲಸ ನಿಲ್ಲುವುದು ಇದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ರ‍್ಯಾಕ್‌ನಲ್ಲಿ (ಸಾಮಾನುಗಳನ್ನು ಒಂದರ ಮೇಲೊಂದು ಸ್ಕ್ರೂ ಹಾಕಿ ಕೂರಿಸುವ ಚೌಕಟ್ಟು) ಕೂರುವ ಡಬ್ಬಿಯಲ್ಲಿ. ಹೊರದೇಶದ ಒಳ್ಳೆಯ 2ಯು (‘ಯು’ ಎಂಬುದು ಎತ್ತರದ ಅಳತೆ, 2ಯು ಎಂದರೆ ಸುಮಾರು 89 ಮಿಮೀ) ರ‍್ಯಾಕ್ ಕ್ಯಾಬಿನೆಟ್ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಒಳಗಿನ ಸಾಮಾನಿಗಿಂತ ಹೊರಗಿನ ಡಬ್ಬಿಯೇ ದುಬಾರಿ ಬೀಳುತ್ತದೆ. ಹುಬ್ಬಳ್ಳಿ-ಧಾರವಾಡದ ಸುತ್ತ ಇರುವವರಿಗೆ ಅದಕ್ಕಿಂತ ಅಗ್ಗದ ದಾರಿಗಳಿವೆ. ಹಳೆಯ ಸಾಮಾನಿನ ಕ್ಯಾಬಿನೆಟ್ ತರಬಹುದು, ಭಾರತದಲ್ಲೇ ಸಿಗುವ ಖಾಲಿ ಕ್ಯಾಬಿನೆಟ್ ಕೊಳ್ಳಬಹುದು, ಶೀಟ್ ಮೆಟಲ್ ವರ್ಕ್‌ಶಾಪಿನಲ್ಲಿ ಮಾಡಿಸಬಹುದು, ಅಲ್ಯೂಮಿನಿಯಂ ಸೆಕ್ಷನ್‌ನಿಂದ ಕೈಯಾರೆ ಕಟ್ಟಬಹುದು.

ಇವುಗಳಲ್ಲಿ ಆರಿಸುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ರ‍್ಯಾಕ್‌ಗೆ ಬೇಕಾದ ನಿಖರತೆ ಇರುವುದು ಮುಂದಿನ ಫಲಕದಲ್ಲಿ ಮಾತ್ರ. ಅದರ ಹಿಂದಿನ ಡಬ್ಬಿ 440 ಮಿಮೀ ಅಗಲದೊಳಗೆ ಕೂತರೆ ಸಾಕು, ಅದು ಯಾವ ಲೋಹದ್ದು, ಯಾವ ಆಕಾರದ್ದು ಎಂದು ರ‍್ಯಾಕ್ ಕೇಳುವುದಿಲ್ಲ. ಈ ಮಾತು ಹಿಡಿದು ಹೋದರೆ ಅರ್ಧ ಖರ್ಚು ತಾನಾಗಿ ಇಳಿಯುತ್ತದೆ.

ಅಳತೆಯ ಮಾತು

19 ಇಂಚಿನ ರ‍್ಯಾಕ್‌ನ ಫಲಕ 482.6 ಮಿಮೀ ಅಗಲ. ಎಡ-ಬಲ ಸ್ಕ್ರೂ ತೂತುಗಳ ಮಧ್ಯದಿಂದ ಮಧ್ಯಕ್ಕೆ 465.1 ಮಿಮೀ. ರ‍್ಯಾಕ್‌ನ ಎರಡು ಕಂಬಗಳ ನಡುವಿನ ಖಾಲಿ ಜಾಗ 450 ಮಿಮೀ. 1ಯು ಎಂದರೆ 44.45 ಮಿಮೀ ಎತ್ತರ, ಆದರೆ ಫಲಕವನ್ನು ಅಷ್ಟೇ ಎತ್ತರಕ್ಕೆ ಕತ್ತರಿಸಬಾರದು. ಮೇಲಿನ, ಕೆಳಗಿನ ಸಾಮಾನಿಗೆ ತಾಗದಂತೆ ಸುಮಾರು 0.8 ಮಿಮೀ ಬಿಡಬೇಕು. ಹಾಗಾಗಿ 1ಯು ಫಲಕ 43.7, 2ಯು ಫಲಕ 88.1, 3ಯು ಫಲಕ 132.6 ಮಿಮೀ. 88.9ಕ್ಕೇ ಕತ್ತರಿಸಿದ ಫಲಕ ಮನೆಯಲ್ಲಿ ಮೇಜಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ. ತುಂಬಿದ ರ‍್ಯಾಕ್‌ನಲ್ಲಿ ಕೂರಿಸಲು ಹೋದಾಗ ಮಾತ್ರ ಸುತ್ತಿಗೆ ಬೇಕಾಗುತ್ತದೆ.

ಕಂಬದ ತೂತುಗಳು ಸಮ ಅಂತರದಲ್ಲಿ ಇರುವುದಿಲ್ಲ. 15.875, 15.875, 12.7 ಮಿಮೀ, ಮತ್ತೆ ಅದೇ ಸರಣಿ. ಹೀಗಾಗಿ 1ಯು ಫಲಕದಲ್ಲಿ ಮೇಲಿನ ಮತ್ತು ಕೆಳಗಿನ ತೂತಿನ ನಡುವೆ 31.75 ಮಿಮೀ, 2ಯು ಫಲಕದಲ್ಲಿ 76.2 ಮಿಮೀ ಬರುತ್ತದೆ. ತೂತು ದುಂಡಗಿರುವುದಕ್ಕಿಂತ 7 ಮಿಮೀ ಎತ್ತರ, 10 ಮಿಮೀ ಅಗಲದ ಉದ್ದ ತೂತಾದರೆ ಒಳ್ಳೆಯದು. ಎಂ6 ಸ್ಕ್ರೂ ಸಲೀಸಾಗಿ ಹೋಗುತ್ತದೆ, ಕಂಬ ಅರ್ಧ ಮಿಲಿಮೀಟರ್ ಅತ್ತಿತ್ತ ಇದ್ದರೂ ನಡೆಯುತ್ತದೆ.

ಎತ್ತರವನ್ನು ಅಂದಕ್ಕೆ ಆರಿಸಬೇಡಿ, ಅದನ್ನು ಟ್ರಾನ್ಸ್‌ಫಾರ್ಮರ್ ಹೇಳುತ್ತದೆ. 1ಯು ಕ್ಯಾಬಿನೆಟ್‌ನ ಒಳಗೆ ತಗಡಿನ ದಪ್ಪ ಕಳೆದು ಸಿಗುವುದು ಸುಮಾರು 40 ಮಿಮೀ. ಬೋರ್ಡನ್ನು ತಳದಿಂದ ಎತ್ತಿ ಹಿಡಿಯುವ ಸ್ಟ್ಯಾಂಡ್‌ಆಫ್, ಬೋರ್ಡಿನ ದಪ್ಪ ಕಳೆದರೆ ಬಿಡಿಭಾಗಗಳಿಗೆ ಉಳಿಯುವುದು 30 ಮಿಮೀ. 30 ವಿಎ (ಟ್ರಾನ್ಸ್‌ಫಾರ್ಮರ್‌ನ ಸಾಮರ್ಥ್ಯದ ಅಳತೆ) ಆಸುಪಾಸಿನ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಬಿಗಿಯಾಗಿ ಕೂರುತ್ತದೆ, ಅದಕ್ಕಿಂತ ದೊಡ್ಡದು ಕೂರುವುದಿಲ್ಲ. 300 ವಿಎ ಟೊರಾಯ್ಡ್ ಸಾಮಾನ್ಯವಾಗಿ 55ರಿಂದ 60 ಮಿಮೀ ಎತ್ತರ ಇರುತ್ತದೆ. ಕೆಳಗಿನ, ಮೇಲಿನ ರಬ್ಬರ್ ಪ್ಯಾಡ್, ತಟ್ಟೆ, ನಟ್ ಸೇರಿದರೆ 70ರ ಹತ್ತಿರ. 2ಯು ಒಳಗೆ ಇದು ಹೊಂದುತ್ತದೆ. ಚೌಕಾಕಾರದ ಇಐ ಟ್ರಾನ್ಸ್‌ಫಾರ್ಮರ್ ಬಳಸುವವರು 3ಯು ಎಂದೇ ಲೆಕ್ಕ ಹಿಡಿಯುವುದು ಕ್ಷೇಮ. ಟ್ರಾನ್ಸ್‌ಫಾರ್ಮರ್ ಮತ್ತು ದೊಡ್ಡ ಕೆಪಾಸಿಟರ್ ಕೈಗೆ ಬಂದು ಸ್ಕೇಲಿನಲ್ಲಿ ಅಳೆಯುವ ತನಕ ಕ್ಯಾಬಿನೆಟ್‌ಗೆ ದುಡ್ಡು ಕೊಡಬೇಡಿ.

ಗುಜರಿಯ ದಾರಿ

ಒಂದೇ ಒಂದು ಸಾಮಾನು ಕಟ್ಟುವುದಿದ್ದರೆ ಗುಜರಿಯಷ್ಟು ಅಗ್ಗ ಬೇರೆ ಇಲ್ಲ. ಆದರೆ ಏನು ನೋಡಬೇಕೆಂದು ಗೊತ್ತಿರಬೇಕು.

ಎಲ್ಲಕ್ಕಿಂತ ಒಳ್ಳೆಯದು ಶಾಮಿಯಾನ, ಸೌಂಡ್ ಸಿಸ್ಟಂನವರು ಬದಿಗಿಟ್ಟ ಸುಟ್ಟ ಪವರ್ ಆಂಪ್ಲಿಫೈಯರ್. ಗಣೇಶ ಹಬ್ಬ, ಜಾತ್ರೆ, ಮದುವೆ ಸೀಸನ್ ಮುಗಿದ ಮೇಲೆ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಇವು ಇರುತ್ತವೆ. ಬೋರ್ಡು ಹೋಗಿದ್ದರೂ ದಪ್ಪ ತಗಡಿನ 2ಯು ಅಥವಾ 3ಯು ಡಬ್ಬಿ, ಗಟ್ಟಿ ಕಿವಿಗಳು (ಕಂಬಕ್ಕೆ ಸ್ಕ್ರೂ ಹಾಕಲು ಎಡ-ಬಲಕ್ಕೆ ಚಾಚಿದ ಅಂಚು), ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು), ಫ್ಯಾನ್, ಸ್ಪೀಕರ್ ಟರ್ಮಿನಲ್, ಹಲವು ಸಲ ಟ್ರಾನ್ಸ್‌ಫಾರ್ಮರ್ ಕೂಡ ಒಟ್ಟಿಗೆ ಸಿಗುತ್ತವೆ. ಬಿಡಿಬಿಡಿಯಾಗಿ ಕೊಂಡರೆ ಹೀಟ್‌ಸಿಂಕ್ ಒಂದಕ್ಕೇ ಹೆಚ್ಚು ಹೋಗುತ್ತದೆ.

ಎರಡನೆಯದು ಕೇಬಲ್ ಟಿವಿ ಕಂಟ್ರೋಲ್ ರೂಮಿನ ಹಳೆಯ 1ಯು ಮಾಡ್ಯುಲೇಟರ್, ರಿಸೀವರ್. ದೇಶದಲ್ಲಿ ಕೇಬಲ್ ಡಿಜಿಟಲೀಕರಣದ ಕೊನೆಯ ಹಂತದ ಗಡುವು 2017ರ ಮಾರ್ಚ್ 31. ಅನಲಾಗ್ ನಿಂತ ಮೇಲೆ ಇವಕ್ಕೆ ಕೆಲಸ ಉಳಿಯಲಿಲ್ಲ. ಗದಗ, ಹಾವೇರಿಯಂಥ ಊರುಗಳಲ್ಲೂ ಕೇಬಲ್ ಆಪರೇಟರ್‌ಗಳ ಹತ್ತಿರ ಕೇಳಿ ನೋಡುವುದು ಸಾರ್ಥಕ. ಪ್ರೀಆಂಪ್, ಕ್ರಾಸ್‌ಓವರ್‌ಗೆ ಇವು ಹೇಳಿ ಮಾಡಿಸಿದ ಡಬ್ಬಿ.

ನೆಟ್‌ವರ್ಕ್ ಸ್ವಿಚ್‌ಗಳೂ 1ಯು, ಆದರೆ ಮುಂದೆ ಸಾಲುಸಾಲು ಪೋರ್ಟಿನ ತೂತು ಇರುತ್ತವೆ, ಆಳ ಕಡಿಮೆ. ಹೊಸ ಫಲಕ ಹೊದಿಸಲೇಬೇಕು. ಸಿಸಿಟಿವಿ ಡಿವಿಆರ್‌ಗಳಲ್ಲಿ ಬಹಳಷ್ಟು ರ‍್ಯಾಕ್ ಅಗಲದವಲ್ಲ, ಟೇಪ್ ಹಿಡಿದು ನೋಡಿ. ಕಂಪ್ಯೂಟರ್ ಸರ್ವರ್ ಡಬ್ಬಿ ಮಾತ್ರ ಬೇಡವೇ ಬೇಡ. 650 ಮಿಮೀಗಿಂತ ಆಳ ಇರುತ್ತದೆ, ಆಡಿಯೋ ರ‍್ಯಾಕ್‌ನ ಹಿಂದೆ ಚಾಚಿಕೊಳ್ಳುತ್ತದೆ.

ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್, ಒಂದು ಟೇಪ್ ಇರಲಿ. ಮ್ಯಾಗ್ನೆಟ್ ಅಂಟಿದರೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಕಿವಿಗಳನ್ನು ಕಣ್ಣಿನ ನೇರಕ್ಕೆ ಹಿಡಿದು ಬಾಗಿವೆಯೇ ನೋಡಿ. ಬಾಗಿದ ಉಕ್ಕಿನ ಕಿವಿ ಸರಿಹೋಗುತ್ತದೆ, ಬಾಗಿದ ಅಲ್ಯೂಮಿನಿಯಂ ಕಿವಿಯನ್ನು ತಿರುಗಿ ನೇರ ಮಾಡುವಾಗ ಬುಡದಲ್ಲಿ ಸೀಳು ಬರುತ್ತದೆ. ತಳದ ಮೂಲೆಗಳಲ್ಲಿ ತುಕ್ಕು ಒಳಗಿನಿಂದ ತಿಂದಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ.

ಬಿಚ್ಚುವ ಮುನ್ನ ಕೆಪಾಸಿಟರ್ ಖಾಲಿ ಮಾಡುವುದನ್ನು ಮರೆಯಬೇಡಿ. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಸ್ವಿಚಿಂಗ್ ಪವರ್ ಸಪ್ಲೈ) ಇರುವ ಸಾಮಾನಿನಲ್ಲಿ 230 ವೋಲ್ಟ್ ನೇರ ರೆಕ್ಟಿಫೈ ಆಗಿ 325 ವೋಲ್ಟ್ ಡಿಸಿ ನಿಂತಿರಬಹುದು. 2.2 ಕಿಲೋ ಓಮ್, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್‌ಗೆ ಇನ್ಸುಲೇಟ್ ಮಾಡಿದ ವೈರ್ ಹಾಕಿ ಕೆಪಾಸಿಟರ್ ತುದಿಗಳಿಗೆ ಹಿಡಿಯಿರಿ, ಮೀಟರ್ 5 ವೋಲ್ಟ್‌ಗಿಂತ ಕೆಳಗೆ ತೋರಿಸುವ ತನಕ. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಆದರೆ ಇದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಕಣ್ಣಿಗೂ ಕೈಗೂ ಅಪಾಯ.

ಹಳೆಯ ತೂತುಗಳ ಚಿಂತೆ ಬೇಡ. ಮುಂದಿನ ಹಳೆಯ ಫಲಕದ ಮೇಲೆಯೇ 3 ಮಿಮೀ ಅಲ್ಯೂಮಿನಿಯಂನ ಹೊಸ ಫಲಕ ಹಾಕಿ, ಪೊಟೆನ್ಶಿಯೋಮೀಟರ್ (ವಾಲ್ಯೂಮ್ ನಾಬ್‌ನ ಹಿಂದಿನ ಭಾಗ) ನಟ್‌ಗಳು ಮತ್ತು ನಾಲ್ಕು ಎಂ4 ಸ್ಕ್ರೂ ಅದನ್ನು ಹಿಡಿದುಕೊಳ್ಳುತ್ತವೆ. ಹಿಂಭಾಗದಲ್ಲಿ ಹಳೆಯ ಕನೆಕ್ಟರ್‌ಗಳ ಜಾಗವನ್ನು ಒಂದೇ ಆಯತವಾಗಿ ಕತ್ತರಿಸಿ ತೆಗೆದು, ಅದರ ಮೇಲೆ 1.5 ಮಿಮೀ ತಗಡಿನ ತೇಪೆ ಹಾಕಿ, ನಿಮ್ಮ ತೂತುಗಳನ್ನು ಆ ತೇಪೆಯಲ್ಲೇ ಕೊರೆಯಿರಿ. ತಪ್ಪಾದರೆ ತೇಪೆ ಮಾತ್ರ ಹೋಗುತ್ತದೆ, ಡಬ್ಬಿ ಉಳಿಯುತ್ತದೆ.

ರೆಡಿಮೇಡ್ ಕ್ಯಾಬಿನೆಟ್

ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್‌ಗಳಲ್ಲಿ ಖಾಲಿ ಆಂಪ್ಲಿಫೈಯರ್ ಕ್ಯಾಬಿನೆಟ್ ಸಿಗುತ್ತವೆ, ಆನ್‌ಲೈನ್‌ನಲ್ಲೂ ಇವೆ. ಅಗ್ಗ ಹೌದು. ಅಗ್ಗದವುಗಳ ತಗಡು 22 ಗೇಜ್, ಅಂದರೆ ಸುಮಾರು 0.7 ಮಿಮೀ. 300 ವಿಎ ಟೊರಾಯ್ಡ್ ಕೂರಿಸಿದರೆ ತಳ ಜೋತುಬೀಳುತ್ತದೆ, ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗುಡುವಿಕೆ ತಗಡಿಗೆ ಹತ್ತಿ ದೊಡ್ಡದಾಗುತ್ತದೆ. ತೆಗೆದುಕೊಂಡದ್ದೇ ಆದರೆ ತಳಕ್ಕೆ 3 ಮಿಮೀ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಎಡದಿಂದ ಬಲಕ್ಕೆ ಹಾಕಿ, ಟ್ರಾನ್ಸ್‌ಫಾರ್ಮರನ್ನು ಅದರ ಮೇಲೆ ಕೂರಿಸಿ.

‘ರ‍್ಯಾಕ್ ಟೈಪ್’ ಎಂದು ಮಾರುವ ಕೆಲವು ಕ್ಯಾಬಿನೆಟ್‌ಗಳ ಕಿವಿ ಬರೀ ಅಲಂಕಾರದ್ದು. ಕೊಳ್ಳುವ ಮೊದಲು ಅಂಗಡಿಯವರಿಗೆ ಮೂರು ಅಳತೆ ಕೇಳಿ: ಫಲಕದ ಒಟ್ಟು ಅಗಲ, ತೂತಿನಿಂದ ತೂತಿಗೆ ಅಗಲ, ಡಬ್ಬಿಯ ಅಗಲ. 482.6, 465, 440ಕ್ಕಿಂತ ಕಡಿಮೆ ಎಂದು ಉತ್ತರ ಬಂದರೆ ಸರಿ. ‘19 ಇಂಚು’ ಎಂಬಷ್ಟೇ ಉತ್ತರ ಬಂದರೆ ಟೇಪ್ ಹಿಡಿದ ಫೋಟೋ ಕಳಿಸಲು ಹೇಳಿ.

ಕೆನಡಾದ ಹ್ಯಾಮಂಡ್, ಇಟಲಿಯ ಮಾಡುಶಾಪ್‌ನಂಥವರ ಕ್ಯಾಬಿನೆಟ್ ಅಂದವಾಗಿವೆ, ಅಳತೆಯೂ ನಂಬಬಹುದು, ಆದರೆ ಈ ಲೇಖನದ ಬಜೆಟ್ಟಿಗೆ ಅವು ಸೇರುವುದಿಲ್ಲ. ಚೀನಾದ ಅಲ್ಯೂಮಿನಿಯಂ ಕ್ಯಾಬಿನೆಟ್ ನೇರ ತರಿಸುವ ಸುಲಭದ ದಾರಿಯಾಗಿದ್ದ ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲಿ ನಿಷೇಧವಾಯಿತು. ಈಗ ಮಧ್ಯದವರ ಮೂಲಕವೇ ಬರಬೇಕು, ಅವರ ಲಾಭವೂ ಬೆಲೆಯಲ್ಲಿ ಸೇರಿರುತ್ತದೆ.

ವರ್ಕ್‌ಶಾಪಿನಲ್ಲಿ ಮಾಡಿಸುವುದು

ನಮ್ಮ ಭಾಗದವರಿಗೆ ಇರುವ ನಿಜವಾದ ಅನುಕೂಲ ಇದು. ಹುಬ್ಬಳ್ಳಿಯ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಶೀಟ್ ಮೆಟಲ್ ಕೆಲಸದವರಿದ್ದಾರೆ. ಇವರಲ್ಲಿ ವಿದ್ಯುತ್ ಪ್ಯಾನೆಲ್ ಬೋರ್ಡ್ ಮಾಡುವವರನ್ನು ಹುಡುಕಿ. ಗೇಟು, ಗ್ರಿಲ್ ಮಾಡುವವರಿಗೆ ಅರ್ಧ ಮಿಲಿಮೀಟರ್ ಲೆಕ್ಕಕ್ಕಿಲ್ಲ. ಪ್ಯಾನೆಲ್ ಬೋರ್ಡಿನವರು ಮೀಟರ್, ಸ್ವಿಚ್‌ಗಳಿಗೆ ದಿನವೂ ಅಳತೆಯ ತೂತು ಹೊಡೆಯುತ್ತಾರೆ, ಅರ್ಥಿಂಗ್ ಎಂದರೇನು ಎಂಬುದೂ ಅವರಿಗೆ ಗೊತ್ತು.

ಇಲ್ಲಿ ದರ ಹೇಗೆ ಬರುತ್ತದೆ ಎಂದು ತಿಳಿದಿದ್ದರೆ ಚೌಕಾಸಿ ಸುಲಭ. ಶೀಟ್‌ಗೆ ಕಿಲೋ ಲೆಕ್ಕ, ಲೇಸರ್‌ಗೆ ಕತ್ತರಿಸುವ ಉದ್ದ ಮತ್ತು ತೂತಿನ ಸಂಖ್ಯೆಯ ಲೆಕ್ಕ, ಬೆಂಡಿಂಗ್‌ಗೆ ಮಡಿಕೆಯ ಲೆಕ್ಕ, ಪೌಡರ್ ಕೋಟಿಂಗ್‌ಗೆ ಚದರಡಿ ಲೆಕ್ಕ. 300 ಮಿಮೀ ಆಳದ 2ಯು ಡಬ್ಬಿಗೆ ಸುಮಾರು 0.4 ಚದರ ಮೀಟರ್ ತಗಡು ಬೇಕು. 1.2 ಮಿಮೀ ಸಿಆರ್‌ಸಿಎ (ತಣ್ಣಗೆ ರೋಲ್ ಮಾಡಿದ ನುಣುಪು) ಉಕ್ಕಾದರೆ 3.8 ಕಿಲೋ, 2 ಮಿಮೀ ಅಲ್ಯೂಮಿನಿಯಂ ಆದರೆ 2.2 ಕಿಲೋ. ಅಂದರೆ ಲೋಹದ ಬೆಲೆ ಇಲ್ಲಿ ದೊಡ್ಡದಲ್ಲ. ಮಿಷನ್ ಹೊಂದಿಸುವ ಹೊತ್ತಿಗೆ, ಕನಿಷ್ಠ ಚಾರ್ಜಿಗೆ ದುಡ್ಡು ಹೋಗುತ್ತದೆ. ಒಂದು ಡಬ್ಬಿಗೂ ನಾಲ್ಕು ಡಬ್ಬಿಗೂ ಆ ಹೊತ್ತು ಹೆಚ್ಚುಕಡಿಮೆ ಒಂದೇ. ಗೆಳೆಯರು ಇಬ್ಬರು ಮೂವರು ಸೇರಿ ಒಂದೇ ಅಳತೆಯ ನಾಲ್ಕು ಡಬ್ಬಿ ಮಾಡಿಸಿದರೆ ತಲಾ ಖರ್ಚು ಚೆನ್ನಾಗಿ ಇಳಿಯುತ್ತದೆ. ಮುಂದಿನ, ಹಿಂದಿನ ತೂತುಗಳನ್ನು ಡಬ್ಬಿಯಲ್ಲಿ ಹಾಕಿಸದೆ ಬೇರೆ ಫಲಕದಲ್ಲಿ ಹಾಕಿಸಿದರೆ ಒಂದೇ ಡಬ್ಬಿ ಪ್ರೀಆಂಪ್‌ಗೂ ಪವರ್ ಆಂಪ್‌ಗೂ ನಡೆಯುತ್ತದೆ.

ವೆಲ್ಡಿಂಗ್ ಇಲ್ಲದೆ 8 ಮಡಿಕೆಯಲ್ಲಿ ಮುಗಿಯುವ 2ಯು ವಿನ್ಯಾಸ ಹೀಗಿದೆ. ಕೆಳಗಿನ ತುಂಡು: 430 ಮಿಮೀ ಅಗಲ, 300 ಮಿಮೀ ಆಳದ ತಳ. ಅದರಿಂದಲೇ ಮುಂದಿನ ಮತ್ತು ಹಿಂದಿನ ಗೋಡೆ ಮೇಲಕ್ಕೆ ಮಡಚಿಕೊಳ್ಳುತ್ತವೆ, ಹೊರ ಎತ್ತರ 84.5 ಮಿಮೀ. ಈ ಎರಡು ಗೋಡೆಗಳ ಎಡ-ಬಲ ಅಂಚಿನಲ್ಲಿ 12 ಮಿಮೀ ಅಂಚುಪಟ್ಟಿ ಒಳಕ್ಕೆ ಮಡಚಿರಬೇಕು. ಮೇಲಿನ ತುಂಡು: ಮುಚ್ಚಳ ಮತ್ತು ಎರಡು ಪಕ್ಕಗಳು ಸೇರಿದ ಮಗುಚಿದ ತೊಟ್ಟಿಯ ಆಕಾರ, ಒಳ ಅಗಲ 431 ಮಿಮೀ. ಪಕ್ಕಗಳು ಆ 12 ಮಿಮೀ ಪಟ್ಟಿಗಳಿಗೆ ಎಂಟು ಸ್ಕ್ರೂಗಳಿಂದ ಕೂರುತ್ತವೆ. ಒಟ್ಟು ಹೊರ ಅಗಲ 433.4, ಎತ್ತರ 86ರೊಳಗೆ. ಮುಚ್ಚಳದ ಮೇಲೆ ಸ್ಕ್ರೂ ತಲೆ ಬರದಿರುವುದು ಈ ವಿನ್ಯಾಸದ ಇನ್ನೊಂದು ಗುಣ.

ಬೆಂಡಿಂಗ್‌ನವರಿಗೆ ಮೂರು ಸೂಚನೆ ಬರೆದೇ ಕೊಡಿ. 12 ಮಿಮೀ ಪಟ್ಟಿಗಳನ್ನು ಮೊದಲು ಮಡಚಬೇಕು, ಗೋಡೆಗಳನ್ನು ಆಮೇಲೆ. ಗೋಡೆ ಮಡಚುವಾಗ ಪಂಚ್ (ತಗಡನ್ನು ಒತ್ತಿ ಮಡಚುವ ಅಲಗು) 425 ಮಿಮೀಗಿಂತ ಉದ್ದ ಇರಬಾರದು, ಇಲ್ಲದಿದ್ದರೆ ಮೊದಲೇ ಮಡಚಿದ ಪಟ್ಟಿಗಳನ್ನು ಅದು ಚಪ್ಪಟೆ ಮಾಡುತ್ತದೆ. ಪಟ್ಟಿಯ ಬುಡದಲ್ಲಿ 3 ಮಿಮೀ ಕಚ್ಚು ಬಿಡಿ, ಅದಿಲ್ಲದೆ ಮೂಲೆಯಲ್ಲಿ ತಗಡು ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಮಡಿಕೆಯ ಕಳೆತದಲ್ಲಿ. ತಗಡು ಮಡಚಿದಾಗ ಹೊರ ಅಳತೆಗಳ ಮೊತ್ತಕ್ಕಿಂತ ಬಿಡಿಸಿದ ತಗಡು ಚಿಕ್ಕದಿರಬೇಕು. 1.2 ಮಿಮೀ ತಗಡಿಗೆ ಪ್ರತಿ ಮಡಿಕೆಗೂ ಸುಮಾರು 2 ಮಿಮೀ. ಇದನ್ನು ನೀವೂ ಕಳೆದು, ವರ್ಕ್‌ಶಾಪಿನವರೂ ಕಳೆದರೆ ಎರಡು ಮಡಿಕೆಗೆ ಡಬ್ಬಿ 4 ಮಿಮೀ ಚಿಕ್ಕದಾಗಿ ಬರುತ್ತದೆ, ಮುಚ್ಚಳ ಅಲ್ಲಾಡುತ್ತದೆ. ನೀವು ಮಡಚಿದ ಮೇಲಿನ ಹೊರ ಅಳತೆ ಮಾತ್ರ ಕೊಡಿ, ಬಿಡಿಸಿದ ನಕ್ಷೆ ಅವರೇ ತೆಗೆಯಲಿ. ಕಳೆತದ ಅಂಕಿ ಅವರ ಮಿಷನ್, ಅವರ ಡೈಗೆ ತಕ್ಕಂತೆ ಬದಲಾಗುತ್ತದೆ. ಮಡಿಕೆ ಗೆರೆಯಿಂದ 5 ಮಿಮೀ ಒಳಗೆ ಯಾವ ತೂತೂ ಬೇಡ, ಮಡಚುವಾಗ ಅದು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ.

ಲೇಸರ್‌ಗೆ ಡಿಎಕ್ಸ್‌ಎಫ್ ನಕ್ಷೆಯ ಫೈಲ್ ಕೊಡುವಾಗ ಮಿಲಿಮೀಟರ್ ಎಂದು ಹೆಸರಿನಲ್ಲೇ ಬರೆಯಿರಿ, ಫಲಕದ ಒಟ್ಟು ಅಗಲ 482.6 ಎಂದು ಬೇರೆ ಕಾಗದದಲ್ಲಿ ಕೊಡಿ. ಇಂಚಿನಲ್ಲಿ ಉಳಿಸಿದ ಫೈಲ್ 25.4 ಪಟ್ಟು ತಪ್ಪುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಒಂದರ ಮೇಲೊಂದು ಬಿದ್ದ ಜೋಡಿ ಗೆರೆ ಕಣ್ಣಿಗೆ ಬೀಳುವುದಿಲ್ಲ, ಲೇಸರ್ ಅದೇ ಜಾಗವನ್ನು ಎರಡು ಸಲ ಸುಟ್ಟು ಅಂಚು ಕೆಡಿಸುತ್ತದೆ. ಅಲ್ಯೂಮಿನಿಯಂ ಕತ್ತರಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಅದಕ್ಕೆ ಫೈಬರ್ ಲೇಸರ್ ಬೇಕು.

ಸ್ಕ್ರೂ ಹಿಡಿಯಲು 1.2 ಮಿಮೀ ತಗಡಿನಲ್ಲಿ ನೇರ ಎಂ3 ಟ್ಯಾಪ್ ಹೊಡೆದರೆ ಎರಡೇ ಎರಡು ಸುತ್ತು ಸಿಗುತ್ತದೆ. ನಾಲ್ಕೈದು ಸಲ ಮುಚ್ಚಳ ತೆಗೆದು ಹಾಕಿದರೆ ಸವೆದುಹೋಗುತ್ತದೆ. ರಿವೆಟ್ ನಟ್ (ತಗಡಿಗೇ ಕಚ್ಚಿ ಕೂರುವ ನಟ್) ಹಾಕಿಸಿ. ಪೌಡರ್ ಕೋಟಿಂಗ್ ಪ್ರತಿ ಮುಖಕ್ಕೂ 60ರಿಂದ 80 ಮೈಕ್ರಾನ್ ಏರುತ್ತದೆ, ತೂತಿನ ವ್ಯಾಸ ಸುಮಾರು 0.15 ಮಿಮೀ ಇಳಿಯುತ್ತದೆ. 24 ಮಿಮೀ ತೂತನ್ನು ನಕ್ಷೆಯಲ್ಲಿ 24.2 ಎಂದು ಹಾಕಿ. ಮೇಲಿನ ತುಂಡಿಗೆ 431 ಎಂದು 1 ಮಿಮೀ ಸಡಿಲ ಬಿಟ್ಟದ್ದೂ ಈ ಬಣ್ಣದ ದಪ್ಪಕ್ಕಾಗಿಯೇ. ರಿವೆಟ್ ನಟ್‌ಗಳಿಗೆ ಹಳೆಯ ಸ್ಕ್ರೂ ತಿರುಗಿಸಿ ಕೊಡಿ, ಪೌಡರ್ ಒಳಗೆ ತುಂಬುವುದಿಲ್ಲ.

ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದಕ್ಕೆ ನಮ್ಮ ಉತ್ತರ ಡಬ್ಬಿ ಉಕ್ಕಿನದು, ಮುಂದಿನ ಫಲಕ ಅಲ್ಯೂಮಿನಿಯಂನದು. ಉಕ್ಕು ಅಗ್ಗ, ಟ್ರಾನ್ಸ್‌ಫಾರ್ಮರ್‌ನ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಸ್ವಲ್ಪವಾದರೂ ತಡೆಯುತ್ತದೆ. ಅಲ್ಯೂಮಿನಿಯಂ ಅದನ್ನು ತಡೆಯುವುದಿಲ್ಲ. ಆದರೆ ಕೈಯಲ್ಲಿ ತೂತು ಕೊರೆಯಲು, ಅಕ್ಷರ ಬರೆಸಲು, ನೋಡಲು ಅಲ್ಯೂಮಿನಿಯಂ ಚೆಂದ. 3 ಮಿಮೀ ದಪ್ಪದ 2ಯು ಫಲಕ ಬರೀ 344 ಗ್ರಾಂ.

ಸೆಕ್ಷನ್ ಅಂಗಡಿಯಿಂದ ಕೈಯಾರೆ

ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನಲ್ಲಿ ಇರುವವರು ಹುಬ್ಬಳ್ಳಿಗೆ ಎರಡು ಮೂರು ಸಲ ಓಡಾಡುವ ಬದಲು ತಮ್ಮೂರಿನ ಕಿಟಕಿ-ಬಾಗಿಲ ಅಲ್ಯೂಮಿನಿಯಂ ಕೆಲಸದವರ ಹತ್ತಿರವೇ ಮುಗಿಸಬಹುದು. 19 ಮಿಮೀ ಎಲ್ ಆಂಗಲ್ ನಾಲ್ಕು ಉದ್ದ, 1.5 ಮಿಮೀ ಶೀಟ್, 3.2 ಮಿಮೀ ಪಾಪ್ ರಿವೆಟ್. ಅವರ ಕಟಿಂಗ್ ಮಿಷನ್ ಆಂಗಲ್ಲನ್ನು ನೇರವಾಗಿ, ಬರ್ (ಅಂಚಿನ ಮುಳ್ಳು) ಇಲ್ಲದೆ ಕತ್ತರಿಸುತ್ತದೆ, ಉಳಿದದ್ದು ಡ್ರಿಲ್ ಮತ್ತು ರಿವೆಟರ್ ಕೆಲಸ.

ಇಲ್ಲಿ ಕೈಕೊಡುವುದು ಬಣ್ಣ. ಸೆಕ್ಷನ್‌ಗಳು ಹೆಚ್ಚಾಗಿ ಆನೊಡೈಜ್ ಆಗಿರುತ್ತವೆ ಅಥವಾ ಪೌಡರ್ ಕೋಟ್ ಆಗಿರುತ್ತವೆ. ಎರಡೂ ವಿದ್ಯುತ್ ಹರಿಸುವುದಿಲ್ಲ. ರಿವೆಟ್ ಹೊಡೆದಿದ್ದರೂ ಒಂದು ತಗಡಿಗೂ ಇನ್ನೊಂದಕ್ಕೂ ಸಂಪರ್ಕ ಇರುತ್ತದೆ ಎಂದು ನಂಬಬೇಡಿ. ಪ್ರತಿ ತಗಡಿಗೂ ಬೇರೆ ಅರ್ಥ್ ವೈರ್ ಎಳೆಯಬೇಕು. ಪಕ್ಕಕ್ಕೆ ಪ್ಲೈವುಡ್ ಹಾಕುವವರೂ ಇದ್ದಾರೆ. ಹೊರಗಿನ ಅಡಾಪ್ಟರ್‌ನಿಂದ 12 ವೋಲ್ಟ್‌ನಲ್ಲಿ ನಡೆಯುವ ಸಾಮಾನಿಗೆ ಸರಿ, 230 ವೋಲ್ಟ್ ಒಳಗೆ ಬರುವ ಯಾವುದಕ್ಕೂ ಬೇಡ.

ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ. ನೆಟ್‌ವರ್ಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ 1ಯು ಶೆಲ್ಫ್ ತಂದು, ಅದರ ಮೇಲೆ ಫೋನೋ ಪ್ರೀಆಂಪ್, ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಬ್ಬಿ), ಹೆಡ್‌ಫೋನ್ ಆಂಪ್‌ನಂಥ ಸಣ್ಣ ಡೈಕಾಸ್ಟ್ ಡಬ್ಬಿಗಳನ್ನು ಸ್ಕ್ರೂ ಮಾಡಿ ಸಾಲಾಗಿ ಕೂರಿಸುವುದು. ಮುಂದೆ ಅಂದಕ್ಕೆ ಖಾಲಿ ಫಲಕ. ಮೂರು ಸಾಮಾನಿಗೆ ಒಂದೇ ರ‍್ಯಾಕ್ ಖರ್ಚು.

ಹಾಗಾದರೆ ಯಾವುದು

ಪವರ್ ಆಂಪ್ ಒಂದೇ ಒಂದು ಎಂದಾದರೆ ಗುಜರಿಯ ಸುಟ್ಟ ಆಂಪ್ಲಿಫೈಯರ್, ಎರಡನೇ ಯೋಚನೆ ಬೇಡ. 1ಯು ಪ್ರೀಆಂಪ್ ಒಂದಕ್ಕೆ ಕೇಬಲ್‌ನವರ ಹಳೆಯ ಡಬ್ಬಿ ಸಿಕ್ಕರೆ ಅದು, ಸಿಗದಿದ್ದರೆ ರೆಡಿಮೇಡ್. 1ಯು ಡಬ್ಬಿಯನ್ನು ವರ್ಕ್‌ಶಾಪಿನಲ್ಲಿ ಮಾಡಿಸುವುದು ಲಾಭವಲ್ಲ, ಮಡಿಕೆಯ ಸಂಖ್ಯೆ 2ಯುಗೂ ಅದಕ್ಕೂ ಒಂದೇ. ಎರಡಕ್ಕಿಂತ ಹೆಚ್ಚು ಕಟ್ಟುವವರು, ಬಾಡಿಗೆಗೆ ಕೊಡುವವರು ವರ್ಕ್‌ಶಾಪ್ ಹಿಡಿಯಲಿ. ಊರೂರು ಟೆಂಪೋದಲ್ಲಿ ತಿರುಗುವ ಸಾಮಾನಿಗೆ ಸೆಕ್ಷನ್ ಡಬ್ಬಿ ಬೇಡ, ರಿವೆಟ್‌ಗಳು ಸಡಿಲಾಗುತ್ತವೆ. ತೂಕ 8 ಕಿಲೋ ದಾಟಿದರೆ ಯಾವ ಡಬ್ಬಿಯೇ ಆಗಲಿ ಹಿಂದಿನಿಂದಲೂ ಆಸರೆ ಕೊಡಿ, ಮುಂದಿನ ಕಿವಿ ಮಾತ್ರ ನಂಬಿದರೆ ರಸ್ತೆಯ ಕುಲುಕಿಗೆ ಫಲಕ ಬಾಗುತ್ತದೆ. ಭಾರದ ಟ್ರಾನ್ಸ್‌ಫಾರ್ಮರ್ ಮುಂದಿನ ಫಲಕಕ್ಕೆ ಹತ್ತಿರ ಇದ್ದಷ್ಟೂ ಕಿವಿಗಳಿಗೆ ಹಗುರ.

ತೂತು ಮತ್ತು ಅಕ್ಷರ

ಫಲಕದ ನಕ್ಷೆ 482.6 ಮಿಮೀ. ಎ3 ಕಾಗದವೇ 420 ಮಿಮೀ ಉದ್ದ. ಎ2ನಲ್ಲಿ ಪ್ರಿಂಟ್ ತೆಗೆಸಿ, ಇಲ್ಲವೇ ಎರಡು ಹಾಳೆ ಜೋಡಿಸಿ. ಪ್ರಿಂಟ್ ತೆಗೆಯುವವರು ‘ಫಿಟ್ ಟು ಪೇಜ್’ ಒತ್ತಿದರೆ ಎಲ್ಲ ಅಳತೆ ಕುಗ್ಗುತ್ತದೆ, ನೂರಕ್ಕೆ ನೂರು ಎಂದು ಹೇಳಿ, ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಕಾಗದ ಅಂಟಿಸಿ ಸೆಂಟರ್ ಪಂಚ್ ಹೊಡೆದು 3 ಮಿಮೀ ಡ್ರಿಲ್ಲಿನಿಂದ ಶುರು ಮಾಡಿ, ದೊಡ್ಡದಕ್ಕೆ ಸ್ಟೆಪ್ ಡ್ರಿಲ್. ಅಲ್ಯೂಮಿನಿಯಂಗೆ ಒಂದೆರಡು ಹನಿ ಸೀಮೆಎಣ್ಣೆ ಹಾಕಿದರೆ ಚೂರು ಬಿಟ್ಟಿಗೆ ಅಂಟುವುದಿಲ್ಲ.

ಎಕ್ಸ್‌ಎಲ್‌ಆರ್‌ನ (ಮೂರು ಪಿನ್ನಿನ ಮೈಕ್ ಕನೆಕ್ಟರ್) ಡಿ ಮಾದರಿ ಸಾಕೆಟ್‌ಗೆ 24 ಮಿಮೀ ತೂತು, ಎರಡು ಸ್ಕ್ರೂ ಕರ್ಣದ ಮೇಲೆ 19 ಮಿಮೀ ಅಡ್ಡ, 24 ಮಿಮೀ ಎತ್ತರದ ಅಂತರದಲ್ಲಿ. ಡಬ್ಬಿಯ ಹಿಂದೆ ಪವರ್ ಕೇಬಲ್ ಸಿಕ್ಕಿಸುವ ಮೇನ್ಸ್ ಸಾಕೆಟ್‌ನ ಸ್ಕ್ರೂ ತೂತುಗಳು 40 ಮಿಮೀ ಅಂತರ. ಅದರ ಮಧ್ಯದ ಚೌಕ ಕಂಪನಿಯಿಂದ ಕಂಪನಿಗೆ ಬೇರೆ, ಕೈಯಲ್ಲಿರುವುದನ್ನೇ ಅಳೆಯಿರಿ. ಅಕ್ಷರಕ್ಕೆ ಟ್ರೋಫಿ, ನೇಮ್‌ಪ್ಲೇಟ್ ಅಂಗಡಿಯವರ ಲೇಸರ್ ಸಾಕು. ಕಪ್ಪು ಆನೊಡೈಜ್ ಫಲಕದ ಮೇಲೆ ಅದು ಬಿಳಿ ಅಕ್ಷರ ಕೊಡುತ್ತದೆ, ಅಳಿಸುವುದಿಲ್ಲ. ರೇಡಿಯಂ ಸ್ಟಿಕರ್ ಅಗ್ಗ, ಆದರೆ ನಾಬ್ ಸುತ್ತ ಬೆರಳು ತಾಗಿ ಏಳುತ್ತದೆ.

ಬಿಸಿ, ಧೂಳು, ಅರ್ಥಿಂಗ್

ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ಇದ್ದರೆ ತುಂಬಿದ ರ‍್ಯಾಕ್‌ನೊಳಗೆ ಸುಲಭವಾಗಿ 48. ಹೀಟ್‌ಸಿಂಕ್ ವ್ಯಾಟ್‌ಗೆ 1 ಡಿಗ್ರಿ ಏರುವಂಥದಾಗಿದ್ದು 25 ವ್ಯಾಟ್ ಬಿಸಿ ಬಿಟ್ಟರೆ ಅದು 73 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ತಳ ಮತ್ತು ಮುಚ್ಚಳ ಎರಡರಲ್ಲೂ 4 ಮಿಮೀ ಅಗಲದ ಸೀಳುಗಳು ಬೇಕು, ಮೇಲೆ 1ಯು ಖಾಲಿ ಬಿಡಬೇಕು. ಗದಗ, ನವಲಗುಂದ, ರೋಣದ ಕಡೆಯ ಎರೆಮಣ್ಣಿನ ಧೂಳು ನುಣ್ಣಗೆ ಒಳಗೆ ಇಳಿಯುತ್ತದೆ. ಫ್ಯಾನ್ ಹಾಕಿದರೆ ಗಾಳಿ ಒಳಗೆಳೆಯುವ ಬದಿಗೆ ಫೋಮ್ ಫಿಲ್ಟರ್ ಹಾಕಿ, ಹೊರಗಿನಿಂದಲೇ ತೆಗೆದು ತೊಳೆಯುವಂತಿರಲಿ. ಧಾರವಾಡದ ಬೈಠಕ್‌ಗಳಿಗೆ, ತಂಬೂರಿಯ ನಾದವನ್ನು ರೆಕಾರ್ಡ್ ಮಾಡುವ ಕೋಣೆಗೆ ಕಟ್ಟುವುದಿದ್ದರೆ ಫ್ಯಾನ್ ಇಲ್ಲದ ದೊಡ್ಡ ಹೀಟ್‌ಸಿಂಕ್ ಆರಿಸಿ. ಫ್ಯಾನ್ ಬೇಕೇ ಬೇಕೆಂದರೆ 80 ಮಿಮೀ, 12 ವೋಲ್ಟ್ ಫ್ಯಾನನ್ನು 7 ವೋಲ್ಟ್‌ನಲ್ಲಿ ಓಡಿಸಿ, ಸದ್ದು ಬಹಳ ಇಳಿಯುತ್ತದೆ.

ಟೊರಾಯ್ಡ್‌ನ ನಡುವಿನ ಬೋಲ್ಟ್ ತಳಕ್ಕೆ ಮಾತ್ರ ತಾಗಿರಬೇಕು, ಅದರ ತುದಿ ಮುಚ್ಚಳಕ್ಕೂ ತಾಗಿದರೆ ಡಬ್ಬಿಯೇ ಒಂದು ಸುತ್ತಿನ ಶಾರ್ಟ್ ಆದ ವೈಂಡಿಂಗ್ ಆಗುತ್ತದೆ, ಫ್ಯೂಸ್ ಹಾರುತ್ತದೆ ಅಥವಾ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕಡಿಮೆ ಎತ್ತರದ ಡಬ್ಬಿಯಲ್ಲಿ ಈ ತಪ್ಪು ಸಲೀಸಾಗಿ ಆಗುತ್ತದೆ. ಮುಚ್ಚಳ ಕೈಯಲ್ಲಿ ಒತ್ತಿದಾಗಲೂ ಬೋಲ್ಟ್‌ಗೆ ಕನಿಷ್ಠ 5 ಮಿಮೀ ದೂರ ಇರಲಿ. ಬೋಲ್ಟ್ ಬಿಗಿಮಾಡುವ ಮುನ್ನ ಟೊರಾಯ್ಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಸ್ಪೀಕರ್‌ನಲ್ಲಿ ಹಮ್ (ಗುಂಯ್ ಸದ್ದು) ಕೇಳಿ, ಯಾವುದೋ ಒಂದು ಕೋನದಲ್ಲಿ ಅದು ತೀರ ಕಡಿಮೆಯಾಗುತ್ತದೆ. ಇದನ್ನು ಮಾಡುವಾಗ ಮೇನ್ಸ್ ತುದಿಗಳೆಲ್ಲ ಸ್ಲೀವ್‌ನಿಂದ ಮುಚ್ಚಿರಬೇಕು, ಪ್ರತಿ ಸಲ ತಿರುಗಿಸುವ ಮುನ್ನ ಪ್ಲಗ್ ಕಿತ್ತಿರಬೇಕು.

ಅರ್ಥಿಂಗ್‌ಗೆ ಬೇರೆಯೇ ಎಂ4 ಬೋಲ್ಟ್ ಇರಲಿ, ಟ್ರಾನ್ಸ್‌ಫಾರ್ಮರ್ ಬೋಲ್ಟ್‌ಗೆ ಅದನ್ನು ಸೇರಿಸಬೇಡಿ. ಬೋಲ್ಟ್ ಬರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೌಡರ್ ಕೋಟಿಂಗ್ ಕೆರೆದು ಹೊಳೆಯುವ ಲೋಹ ಕಾಣಬೇಕು. ಅದರ ಮೇಲೆ ಹಲ್ಲಿನ ಸ್ಟಾರ್ ವಾಷರ್, ಆಮೇಲೆ ಹಸಿರು-ಹಳದಿ ವೈರ್‌ನ ರಿಂಗ್ ಲಗ್, ಮತ್ತೊಂದು ಸ್ಟಾರ್ ವಾಷರ್, ನಟ್, ಅದರ ಮೇಲೆ ಇನ್ನೊಂದು ನಟ್. ಹಮ್ ಬರುತ್ತದೆಂದು ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕುವುದು ಜೀವಕ್ಕೆ ಅಪಾಯ. ಹಮ್ ಇದ್ದರೆ ಸಿಗ್ನಲ್ ಗ್ರೌಂಡ್ ಮತ್ತು ಡಬ್ಬಿಯ ನಡುವೆ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ ಎದುರುಬದುರು ಎರಡು ದೊಡ್ಡ ಡಯೋಡ್ ಹಾಕಿ, ಡಬ್ಬಿ ಮಾತ್ರ ನೇರ ಅರ್ಥ್‌ನಲ್ಲೇ ಇರಲಿ.

ರ‍್ಯಾಕ್‌ಗೆ ಏರಿಸುವ ಮುನ್ನ ಮಲ್ಟಿಮೀಟರ್‌ನ ಎರಡು ಲೀಡ್ ತಾಗಿಸಿ ಬಂದ ಓಮ್ ಬರೆದಿಟ್ಟುಕೊಳ್ಳಿ. ಆಮೇಲೆ ಮೇನ್ಸ್ ಸಾಕೆಟ್‌ನ ಅರ್ಥ್ ಪಿನ್‌ನಿಂದ ತಳ, ಮುಚ್ಚಳ, ಮುಂದಿನ ಫಲಕ, ಹಿಂದಿನ ತೇಪೆ, ಹೀಟ್‌ಸಿಂಕ್, ಪೊಟೆನ್ಶಿಯೋಮೀಟರ್‌ನ ಲೋಹದ ದಂಡ, ಒಂದೊಂದನ್ನೂ ಮುಟ್ಟಿ ನೋಡಿ. ಬರೆದಿಟ್ಟ ಓಮ್ ಕಳೆದು ಎಲ್ಲೂ 0.1 ಓಮ್‌ಗಿಂತ ಹೆಚ್ಚು ಬರಬಾರದು. ಬಂದ ಕಡೆ ಬಣ್ಣ ಇನ್ನೂ ಉಳಿದಿದೆ, ಬಿಚ್ಚಿ ಮತ್ತೆ ಕೆರೆಯಿರಿ. ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟ್‌ನ ಹಳೆಯ ಕಾಲದ ತಂತಿ ಬಲ್ಬನ್ನು (ಎಲ್‌ಇಡಿ ಅಲ್ಲ) ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳಗೆಲ್ಲ ಸರಿ, ಬೆಳಗುತ್ತಲೇ ಉಳಿದರೆ ಪ್ಲಗ್ ಕಿತ್ತು ಮೊದಲು ಟೊರಾಯ್ಡ್ ಬೋಲ್ಟ್ ನೋಡಿ.